ಗೆರೆ ತುಳಿಯದೆ ದಾಟಿದ್ದು

ಲಿಫ್ಟ್ ಮೇಸ್ತ್ರಿಯ ಕೈಗೆ ಮೂರು ವಾರದಿಂದ ಕೆಲಸವಿರಲಿಲ್ಲ, ಬಾಯಿಗೆ ಮಾತ್ರ ಪುರಸೊತ್ತಿರಲಿಲ್ಲ. ಅವನು ಆಸ್ಪತ್ರೆಯಲ್ಲಿ ಕೂರಿಸಿದ ಲಿಫ್ಟ್ ಒಂದೇ ತಿಂಗಳಲ್ಲಿ ನಾಲ್ಕು ಸಲ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ತಪ್ಪನ್ನು ಯಾರಾದರೂ ಹೊರಬೇಕಲ್ಲ? ಪ್ರೋಗ್ರಾಂ ಸರಿಯಿದೆ ಎಂದು ಕಂಪ್ಯೂಟರು ಹೇಳುತ್ತಿತ್ತು. ಹಾಗಾದರೆ ಕೆಟ್ಟಿರುವುದು ವೈರಿಂಗ್, ಅದನ್ನು ಮಾಡಿದವನು ಇವನು. ಇವತ್ತು ನಾಲ್ಕು ಗಂಟೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಅವನ ಲೈಸೆನ್ಸ್ ರದ್ದು.

"ನನ್ನ ವೈರು ಅಂಥದ್ದಲ್ಲ ಕಣೇ ಗುಬ್ಬಿ," ಎಂದು ಬೆಳಗ್ಗಿನಿಂದ ಹತ್ತನೇ ಸಲ ಹೇಳಿದ.

ಗುಬ್ಬಿ ಅವನ ಹೆಂಡತಿಯ ತಂಗಿ. ಲಿಫ್ಟ್ ಕಾರ್ಖಾನೆಯಲ್ಲೇ ಕೆಲಸ. ಯಂತ್ರದ ತೀರಾ ಒಳಗಿನ ಪ್ರೋಗ್ರಾಂ, ಕರ್ನಲ್ ಅಂತಾರಲ್ಲ, ಅದನ್ನು ಬರೆದವಳು ಅವಳೇ.

"ನನಗೆ ಗೊತ್ತು ಭಾವ. ಆದ್ರೆ ನನಗೆ ಗೊತ್ತಿದ್ರೆ ಸಾಲದು, ನಮ್ಮ ಮುಖ್ಯ ಇಂಜಿನಿಯರ್ ಮೇಡಂಗೆ ತೋರಿಸಬೇಕು."

ಪರೀಕ್ಷೆ ಕೋಣೆಯ ಮೇಜಿನ ಮೇಲೆ ಆಸ್ಪತ್ರೆಯಿಂದ ಬಿಚ್ಚಿ ತಂದ ಬೋರ್ಡು, ಗುಂಡಿಗಳ ಫಲಕ, ಮೇಸ್ತ್ರಿಯೇ ಎಳೆದ ವೈರುಗಳ ಕಂತೆ, ಜತೆಗೆ ಅಂಗೈಯಷ್ಟು ಮೋಟರು. ಗುಬ್ಬಿ ಒಂದು ಗುಂಡಿ ಒತ್ತಿ, ಸ್ವಲ್ಪ ಕಾದು, ಇನ್ನೊಂದು ಒತ್ತುತ್ತಿದ್ದಳು. ಮೋಟರು ತಕರಾರಿಲ್ಲದೆ ತಿರುಗುತ್ತಿತ್ತು.

"ಇದೇನಮ್ಮ, ಗುಂಡಿಗೆ ನೋವಾಗುತ್ತೆ ಅನ್ನೋ ಹಾಗೆ ಒತ್ತುತೀಯ? ಆ ಕಡೆ ಸರಿ. ಆಸ್ಪತ್ರೇಲಿ ಜನ ಹೇಗೆ ಒತ್ತುತಾರೆ ನಾನು ತೋರಿಸ್ತೀನಿ."

ಬಾಗಿಲಿನ ಗುಂಡಿಯನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದ. ಇನ್ನೊಂದು ಕೈಯಲ್ಲಿ ಎಲ್ಲ ಮಹಡಿಗಳನ್ನೂ ಹಾರ್ಮೋನಿಯಂ ನುಡಿಸಿದಂತೆ ನುಡಿಸಿದ. ಮೊಣಕೈ ಅಲಾರಂ ಮೇಲೆ.

ಮೋಟರು ಗಕ್ಕನೆ ನಿಂತಿತು.

"ನಿಂತೇಬಿಡ್ತು! ನೋಡಿದ್ಯಾ?" ಮೇಸ್ತ್ರಿ ನಿಂತಲ್ಲೇ ಕುಣಿದ. ಗುಬ್ಬಿ ಕಂಪ್ಯೂಟರಿನ ಪರದೆ ನೋಡಿ ಮುಖ ಚಿಕ್ಕದು ಮಾಡಿಕೊಂಡಳು.

"ಗೆರೆ ಹಾಗೇ ಇದೆ ಭಾವ."

"ಯಾವ ಗೆರೆ?"

"ಒಂದು ಕೆಲಸ ಮಾಡ್ತಿರುವಾಗ ಇನ್ನೊಂದು ಬಂದ್ರೆ, ಮೊದಲನೇದನ್ನ ಅರ್ಧಕ್ಕೆ ಬಿಟ್ಟು ಗುರುತು ಬರೆದಿಡಬೇಕು. ಅದರ ಮೇಲೆ ಮತ್ತೊಂದು, ಮಗದೊಂದು. ಹಾಗೆ ಪೇರಿಸೋ ಜಾಗಕ್ಕೆ ಸ್ಟ್ಯಾಕ್ ಅಂತೀವಿ. ಇರೋದೇ ಇಷ್ಟಗಲ. ತುಂಬಿ ಆಚೆ ಚೆಲ್ಲಿದ್ರೆ ಪಕ್ಕದಲ್ಲಿರೋ ಮೋಟರಿನ ವಿವರ ಹಾಳಾಗುತ್ತೆ. ಅದಕ್ಕೇ ಅಂಚಿನಲ್ಲಿ ನಾಲ್ಕು ಅಂಕಿ ಬರೆದಿಟ್ಟಿದೀನಿ, ಗೆರೆ ಎಳೆದ ಹಾಗೆ. ಅವು ಅಳಿಸಿಹೋದ್ರೆ ಚೆಲ್ಲಿದೆ ಅಂತ ಅರ್ಥ. ಅಳಿಸಿಲ್ಲ."

ಮೇಸ್ತ್ರಿಯ ಕುಣಿತ ಅಲ್ಲಿಗೇ ನಿಂತಿತು. ಚೆಲ್ಲಿಲ್ಲ ಅಂದರೆ ತಪ್ಪು ಮತ್ತೆ ವೈರಿನ ತಲೆಗೆ, ಅಂದರೆ ತನ್ನ ತಲೆಗೆ. ಆಗಲೇ ಎರಡೂವರೆ.

"ನಾಲ್ಕೇ ಅಂಕಿನಾ?" ಎಂದು ಪರದೆಗೆ ಬಗ್ಗಿ ಕೇಳಿದ. "ಒಂದು ಸಲ ಲಿಫ್ಟ್ ಬಾಗಿಲ ಮುಂದೆ ಹಳದಿ ಪಟ್ಟೆ ಬಳಿದು, ಒಣಗಲಿ ಅಂತ ಊಟಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಬಣ್ಣದ ಮೇಲೆ ಒಂದು ಹೆಜ್ಜೆಗುರುತಿಲ್ಲ, ಒಳಗೆ ಐದು ಜನ ನಿಂತಿದಾರೆ! ಒಂದೇ ದಾಪುಗಾಲಿಗೆ ದಾಟಿದ್ರು ಕಣೇ. ನಿನ್ನ ಅಂಕಿಗಳನ್ನೂ ಯಾರಾದ್ರೂ ಹಾಗೇ..."

ಗುಬ್ಬಿ ನಗಲಿಲ್ಲ. ತಟ್ಟನೆ ಕೀಲಿಮಣೆಯ ಮೇಲೆ ಬಿದ್ದಳು. ಮೋಟರಿನ ವಿವರವನ್ನೆಲ್ಲ ದೂರಕ್ಕೆ ಸಾಗಿಸಿ, ಗೆರೆಯಾಚೆ ಖಾಲಿಯಾದ ಜಾಗದ ತುಂಬ ಅವೇ ಅಂಕಿಗಳನ್ನು ಸುರಿದಳು.

"ಒತ್ತಿ ಭಾವ. ಆಸ್ಪತ್ರೆಯವರ ಹಾಗೇ ಒತ್ತಿ."

ಒತ್ತಿದ. ಈ ಸಲ ಮೋಟರು ನಿಲ್ಲಲಿಲ್ಲ. ಪರದೆಯಲ್ಲಿ ಅಂಚಿನ ನಾಲ್ಕು ಅಂಕಿಗಳು ಇದ್ದ ಹಾಗೇ ಇದ್ದವು. ಅವುಗಳಾಚೆ, ಬೇರೇನೂ ಇರಬಾರದ ಕಡೆ, ಅಂಕಿಗಳನ್ನು ಅಳಿಸಿ ಒಂದು ಸಾಲು ಕೂತಿತ್ತು: ಬಾಗಿಲು ತೆರೆದಿದೆ, ದಯವಿಟ್ಟು ಕಾಯಿರಿ.

"ಇದು ನಾನು ಬರೆದ ಸಾಲು," ಅಂದಳು ಗುಬ್ಬಿ. "ಆರುನೂರು ಅಕ್ಷರಕ್ಕೆ ಜಾಗ ಹಿಡಿದು ಒಂದೇ ಸಾಲು ಬರೆದಿದೀನಿ, ಅದೂ ಆಚೆ ತುದೀಲಿ. ಗೆರೆ ನಡುವಿನ ಖಾಲೀಲಿ ತಣ್ಣಗೆ ಕೂತಿದೆ. ಯಾರೂ ತುಳಿದೇ ಇಲ್ಲ ಅದನ್ನ, ಅದರಾಚೆ ಮೋಟರಿನ ವಿವರ ಇದ್ದ ಕಡೆಗೇ ಸಾಲು ಬಿದ್ದಿದೆ."

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಮರುಕ್ಷಣ ಗುಬ್ಬಿಯ ಮುಖ ನೋಡಿದ. "ಹಾಗಾದ್ರೆ ತಪ್ಪು ನಿಂದಾ? ತಡಿ, ಮೇಡಂ ಹತ್ರ ನಿಧಾನಕ್ಕೆ ಹೇಳೋಣ..."

ಅವಳಾಗಲೇ ಫೋನ್ ಎತ್ತಿದ್ದಳು.

ಕಾರ್ಖಾನೆಯ ಮುಖ್ಯ ಇಂಜಿನಿಯರ್ ಮೇಡಂ ಮೆಟ್ಟಿಲಿಳಿದು ಬಂದರು, ಕನ್ನಡಕ ಏರಿಸಿ ಪರದೆಯನ್ನು ಎರಡು ಸಲ ಓದಿದರು, ತಾವೇ ಗುಂಡಿ ಒತ್ತಿ ನೋಡಿದರು.

"ಆರುನೂರು ಅಕ್ಷರ ಯಾಕಮ್ಮ? ಕಾದಂಬರಿ ಬರೆಯೋದಿತ್ತಾ?"

ಗುಬ್ಬಿ ತಲೆ ತಗ್ಗಿಸಿದಳು. ಮೇಡಂ ಮೇಸ್ತ್ರಿಯ ಕಡೆ ತಿರುಗಿದರು. "ವೈರಿಂಗ್‌ನಲ್ಲಿ ದೋಷ ಇಲ್ಲ ಅಂತ ಈಗಲೇ ಬರೆದು ಕಳಿಸ್ತೀನಿ. ನಾಳೆಯಿಂದ ಕೆಲಸಕ್ಕೆ ಬನ್ನಿ. ಮೂರು ವಾರ ಮನೇಲಿ ಕೂರಿಸಿದೆವು, ಬೇಜಾರು ಮಾಡ್ಕೋಬೇಡಿ."

"ನನಗೇನಿಲ್ಲ ಮೇಡಂ, ನನ್ನ ಮಾತು ಕೇಳಿ ಕೇಳಿ ಹೆಂಡ್ತಿಗೇ ಬೇಜಾರಾಗಿದೆ. ಆದ್ರೆ ಇವಳಿಗೆ..."

"ಇವಳಿಗೆ ಶಿಕ್ಷೆ ಇದೆ. ಇಂಥ ಜಾಗ ಇನ್ನೆಲ್ಲೆಲ್ಲಿ ಹಿಡಿದಿದಾಳೋ ಎಲ್ಲ ಹುಡುಕಿ ತೋರಿಸಬೇಕು. ತಾನೇ ಒಪ್ಪಿಕೊಂಡಳಲ್ಲ, ಅಷ್ಟು ಸಾಕು."

ಅವರು ಹೋದ ಮೇಲೆ ಮೇಸ್ತ್ರಿ ಕುರ್ಚಿ ಎಳೆದುಕೊಂಡ. ಹೆಂಡತಿಗೆ ಫೋನ್ ಮಾಡಿ ಎಲ್ಲವನ್ನೂ ತಲೆಬುಡವಿಲ್ಲದೆ ಹೇಳಿದ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

"ಸರಿ, ಇಬ್ರೂ ಊಟ ಮಾಡಿದ್ರಾ?"

"ಇಲ್ಲ ಕಣೇ. ಬೆಳಗ್ಗಿಂದ ಹಸಿವೇ ಇರಲಿಲ್ಲ." ಗುಬ್ಬಿಯ ಕಡೆ ನೋಡಿದ. ಅವಳು ಆಗಲೇ ಚೀಲ ಹೆಗಲಿಗೇರಿಸಿ ನಿಂತಿದ್ದಳು. "ಈಗ ಆಗ್ತಾ ಇದೆ ನೋಡು, ಹೊಟ್ಟೆ ಚುರುಚುರು ಅಂತಿದೆ. ಬಂದ್ವಿ."