ಬುರ್ಮಾಕನ್ ಹೇಳದ ಹೆಸರು

ಕಿರ್ಗಿಜ್ ನೆಲದ ಸ್ವಾತಂತ್ರ್ಯಕ್ಕೆ ಹೋರಾಡಿದ ಬೈತೆಮಿರನನ್ನು ಪೊಲೀಸರಿಗೆ ಹಿಡಿದುಕೊಟ್ಟವನು ಗುಮಾಸ್ತ ಓಸ್ಮೊನಾಲಿ ಎಂಬುದು ನಾರಿನ್ ಊರಿಗೆಲ್ಲ ಬಾಯಿಪಾಠ. ಆ ಪಾಪಕ್ಕೆ ಓಸ್ಮೊನಾಲಿಯ ಮನೆತನಕ್ಕೆ ಇವತ್ತಿಗೂ ಯಾರೂ ಹೆಣ್ಣು ಕೊಡುವುದಿಲ್ಲ. ಜಮೀರಾ ತೆಗೆಯುತ್ತಿದ್ದ ಸಾಕ್ಷ್ಯಚಿತ್ರವೂ ಅದನ್ನೇ ಹೇಳುವುದರಲ್ಲಿತ್ತು. ಶುಕ್ರವಾರ ಟೀವಿಯಲ್ಲಿ ಬರಬೇಕು. ಬಾಕಿಯಿದ್ದದ್ದು ಒಂದೇ ಸಾಕ್ಷಿ, ಬೈತೆಮಿರನ ಸೊಸೆ, ಅವನನ್ನು ಹಿಡಿದೊಯ್ದ ವರ್ಷವೇ ಊರು ಬಿಟ್ಟು ದೂರದ ಬೆಟ್ಟದ ಹಳ್ಳಿ ಸೇರಿದ್ದ ಎಂಬತ್ತೇಳರ ಬುರ್ಮಾಕನ್. ಜಮೀರಾ ಬೈತೆಮಿರನ ತಮ್ಮನ ಮೊಮ್ಮಗಳು. ಮನೆತನದ ಜಂಬ ಅವಳಿಗೆ ತುಸು ಹೆಚ್ಚೇ ಇತ್ತು.

ಚಹಾ ಮುಗಿಯಿತು. ಚಿತ್ರ ತೆಗೆಯುವ ಹುಡುಗ ಸಬಿರ್ ಕ್ಯಾಮೆರಾ ಹಚ್ಚಿದ.

"ಹೇಳಿ ದೊಡ್ಡಮ್ಮ, ಓಸ್ಮೊನಾಲಿ ಹೇಗೆ ದ್ರೋಹ ಮಾಡ್ದ?"

"ಓಸ್ಮೊನಾಲಿ?" ಮುದುಕಿ ಕಣ್ಣರಳಿಸಿದಳು. "ಆ ಪುಣ್ಯಾತ್ಮ ಆ ಚಳೀಲಿ ನಮ್ಗೆ ಹಿಟ್ಟು ತಂದುಕೊಟ್ಟಿದ್ದ ಕಣೆ! ಯಾವನ ತಲೆ ಕೆಟ್ಟಿತ್ತು, ಅವನ ಮೇಲೆ ಹಾಕೋಕೆ?"

"ಮತ್ತೆ ಯಾರು?"

"ಹೆಸರು ಹೇಳಕ್ಕಾಗಲ್ಲ."

"ಹೆದರ್ಬೇಡಿ, ಆ ಕಾಲ ಹೋಯ್ತು."

"ಹೆದರಿಕೆ ಯಾರಿಗೇ? ಹಿಡಿದುಕೊಂಡು ಹೋದ ಅಧಿಕಾರಿ ಹೆಸರು ನಿಂಗೆ ಮೂರು ಸಲ ಹೇಳಿಲ್ವ?"

ಹೇಳಿದ್ದಳು, ಜೊತೆಗೆ ಬೈಗುಳವನ್ನೂ ಸೇರಿಸಿ. ಊರವರೆಲ್ಲರ ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಗಂಡನ ಮನೆಯ ಹಿರಿಯರ ಹೆಸರನ್ನು ಮಾತ್ರ ಸೊಸೆಯಾದವಳು ಸತ್ತರೂ ಎತ್ತುವುದಿಲ್ಲ. ಮಾವನನ್ನೂ ಅವಳು ಇಡೀ ಮಧ್ಯಾಹ್ನ 'ದೊಡ್ಡವರು' ಎಂದೇ ಕರೆದಿದ್ದಳು.

ಜಮೀರಾ ಮುಂದಕ್ಕೆ ಬಾಗಿದಳು. "ದೊಡ್ಡವರು ಅಡಗಿದ್ದ ಜಾಗ ಮನೇಲಿ ಯಾರ್ಯಾರಿಗೆ ಗೊತ್ತಿತ್ತು?"

"ನಮ್ಮವರು ಓದೋಕೆ ತಾಷ್ಕೆಂಟಿಗೆ ಹೋಗಿದ್ರು. ನಾನು, ಅತ್ತೆ, ಮತ್ತೆ..." ಬುರ್ಮಾಕನ್ ತುಟಿ ಬಿಗಿದು ಕಿಟಕಿಯತ್ತ ತಿರುಗಿದಳು.

ಆ ಮನೆಯಲ್ಲಿ ಇನ್ನು ಉಳಿದದ್ದು ಒಬ್ಬನೇ. ಜಮೀರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಣ್ಣನ ಕಥೆ ಹೇಳುತ್ತ ಕಣ್ಣೀರು ಹಾಕುತ್ತಿದ್ದವನು. ಓಸ್ಮೊನಾಲಿಯ ಹೆಸರನ್ನು ಊರ ಬಾಯಿಗೆ ಮೊದಲು ಹಾಕಿದವನೂ ಅವನೇ. ಹೊಲಸು ಮುದುಕ! ಅವಳಿಗೆ ಅಳು ಬಂತು.

ಸಬಿರ್ ಮೆಲ್ಲಗೆ ಕೇಳಿದ, "ಅಕ್ಕಾ, ನಿಲ್ಲಿಸ್ಲಾ? ಯಾರಿಗೂ ಗೊತ್ತಾಗಲ್ಲ."

ಹೂಂ ಅಂದಿದ್ದರೆ ಮುಗಿದಿತ್ತು. ಹಳೆಯ ಕಥೆಯೇ ಶುಕ್ರವಾರ ಹೋಗುತ್ತಿತ್ತು. ಜಮೀರಾ ಎದ್ದು ಕ್ಯಾಮೆರಾದ ಮುಂದೆ, ಮುದುಕಿಯ ಪಕ್ಕಕ್ಕೆ ಬಂದು ಕೂತಳು.

"ನಿಲ್ಲಿಸ್ಬೇಡ. ದೊಡ್ಡಮ್ಮ, ನಾನು ಈ ಮನೆ ಮಗಳು, ಸೊಸೆಯಲ್ಲ. ಹೆಸರು ನಾನು ಹೇಳ್ತೀನಿ. ನೀವು ತಲೆ ಆಡ್ಸಿ ಸಾಕು." ಕ್ಯಾಮೆರಾದತ್ತ ತಿರುಗಿದಳು. "ಅಸಾನ್‌ಕುಲ್. ನನ್ನ ಅಜ್ಜ."

ಬುರ್ಮಾಕನ್ ತಲೆವಸ್ತ್ರವನ್ನು ಮುಖದವರೆಗೆ ಎಳೆದುಕೊಂಡಳು. ಎರಡು ಸಲ ಹೌದೆಂದು ತಲೆಯಾಡಿಸಿದಳು.

"ಕ್ಯಾಮೆರಾದಲ್ಲಿ ಬಂತಾ?" ಎಂದಳು ಜಮೀರಾ.

"ಬಂತು, ಅಕ್ಕ."

"ಹಾಗಾದ್ರೆ ಗಾಡಿ ತೆಗಿ. ಊರಿಗೆ ತೋರಿಸೋ ಮುಂಚೆ, ಓಸ್ಮೊನಾಲಿ ಮನೆ ಬಾಗಿಲಿಗೆ ನಾನೇ ಹೋಗಿ ಹೇಳ್ಬೇಕು."