ಕೈ ತೋರಿಸಿದರೂ ನಿಲ್ಲಿಸಬೇಡ

ಓಟ ಶುರು ಮಾಡಿದ ಮೊದಲನೆಯ ದಿನ ಪರ್ಕಳದ ಸುಂದರ ಓಡಿದ್ದು ಒಟ್ಟು ನಲವತ್ತು ಸೆಕೆಂಡು. ಆಮೇಲೆ ಅವನು ಬಸ್ಸಿನಲ್ಲಿ ಕೂತು ಮಣಿಪಾಲಕ್ಕೆ ಹೋದ.

ಹೋಗಬೇಕೆಂದು ಹೋದದ್ದಲ್ಲ. ನಮ್ಮ ಕಡೆ ನಲವತ್ತೊಂಬತ್ತು ವರ್ಷದ ಗೃಹಸ್ಥನೊಬ್ಬ ಬೆಳಿಗ್ಗೆ ಆರೂಕಾಲಕ್ಕೆ ರಸ್ತೆಯ ಬದಿಯಲ್ಲಿ ಓಡುತ್ತಿದ್ದರೆ ಅದಕ್ಕೆ ಇರುವುದು ಒಂದೇ ಅರ್ಥ, ಪಾಪ, ಬಸ್ಸು ತಪ್ಪಿಹೋಗುತ್ತಿದೆ. ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸಿನ ಕಂಡಕ್ಟರ್ ಲಕ್ಷಿತ್ ಕೂಡ ಹಾಗೆಯೇ ತಿಳಿದ. "ಹೋಲ್ಡನ್" ಎಂದು ಕೂಗಿ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕೆಳಗೆ ಹಾರಿ, ಸುಂದರನ ರಟ್ಟೆ ಹಿಡಿದು ಮೇಲಕ್ಕೆ ಹತ್ತಿಸಿಯೇ ಬಿಟ್ಟ. "ಯಾಕೆ ಓಡುವುದು ಸುಂದರಣ್ಣ, ನಾವು ನಿಮ್ಮನ್ನು ಬಿಟ್ಟು ಹೋಗ್ತೇವಾ?" ಎಂದ. ಮುಂದಿನ ಸೀಟಿನ ಹೆಂಗಸೊಬ್ಬರು ಸರಿದು ಜಾಗ ಕೊಟ್ಟರು. ಇಷ್ಟೆಲ್ಲ ಮರ್ಯಾದೆ ಆದಮೇಲೆ, ನಾನು ವ್ಯಾಯಾಮಕ್ಕೆ ಓಡುತ್ತಿದ್ದೆ ಎಂದು ಹೇಳಲು ಬಾಯಿ ಬರಬೇಕಲ್ಲ. ಸುಂದರ ಟಿಕೆಟು ತೆಗೆದುಕೊಂಡ, ಮಣಿಪಾಲದಲ್ಲಿ ಇಳಿದ, ರಸ್ತೆ ದಾಟಿ ವಾಪಸು ಬರುವ ಬಸ್ಸು ಹತ್ತಿದ.

"ಎಲ್ಲಿಯವರೆಗೆ ಓಡಿದ್ದು?" ಎಂದು ಹೆಂಡತಿ ಕುಶಲಾ ಕೇಳಿದಳು.

"ಮಣಿಪಾಲದವರೆಗೆ ಹೋಗಿದ್ದೆ" ಎಂದ ಸುಂದರ. ಸುಳ್ಳಂತೂ ಅಲ್ಲ.

ಹದಿನಾಲ್ಕು ತಿಂಗಳ ಹಿಂದೆ ಈ ಸುಂದರನ ತೂಕ ನೂರ ಮೂವತ್ತೆಂಟು ಕಿಲೋ. ಪರ್ಕಳ ಪೇಟೆಯಲ್ಲಿ ಅವನದೊಂದು ಪೈಂಟಿನ ಅಂಗಡಿ. ಅಲ್ಲಿನ ಪ್ಲಾಸ್ಟಿಕ್ ಕುರ್ಚಿಗಳು ಒಂದೊಂದಾಗಿ ಕಾಲು ಚಾಚಿದ ಮೇಲೆ ಕಬ್ಬಿಣದ ಕುರ್ಚಿ ವೆಲ್ಡ್ ಮಾಡಿಸಿಕೊಂಡಿದ್ದ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟತೊಡಗಿದಾಗ ಕುಶಲಾ ಹೆದರಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರರು ಆಪರೇಷನ್ ಮಾಡಿ ಹೊಟ್ಟೆಯ ಚೀಲದ ಮುಕ್ಕಾಲು ಪಾಲು ತೆಗೆದು, ಬಾಳೆಹಣ್ಣಿನಷ್ಟು ಉಳಿಸಿದರು. ಹನ್ನೆರಡು ನೀರುದೋಸೆ ತಿನ್ನುತ್ತಿದ್ದವನಿಗೆ ಈಗ ಒಂದೂವರೆಗೇ ಹೊಟ್ಟೆ ತುಂಬುತ್ತದೆ. ಮದುವೆ ಊಟದಲ್ಲಿ ಅವನ ಎಲೆ ನೋಡಿದ ಬಡಿಸುವವರು, ಹುಡುಗಿ ಕಡೆಯವರ ಮೇಲೆ ಎಂತ ಸಿಟ್ಟು ಎಂದು ಕಿವಿಯಲ್ಲಿ ಕೇಳಿದ್ದೂ ಉಂಟು.

ತೂಕ ತೊಂಬತ್ತೊಂದಕ್ಕೆ ಇಳಿಯಿತು. ಇಳಿಯದೆ ಉಳಿದದ್ದು ಎರಡು, ಅವನ ಮೊಣಕಾಲಿನ ನೋವು ಮತ್ತು ಕುಶಲಾಳ ಸಂಶಯ.

ಕುಶಲಾ ಮಣಿಪಾಲದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವಳು. ಗಂಡ ಇಳಿದ ಹಾಗೆಲ್ಲ ಅವನ ಪ್ಯಾಂಟುಗಳನ್ನು ಬಿಚ್ಚಿ ಚಿಕ್ಕದು ಮಾಡಿ ಕೊಡುತ್ತಿದ್ದಳು. ಆದರೆ ಹೆಚ್ಚಾದ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಒಳಗೆ ಮಡಚಿ ಹೊಲಿಯುತ್ತಿದ್ದಳು. ಕೇಳಿದರೆ, "ಒಳಗೆ ಬಿಟ್ಟಿದ್ದೇನೆ, ಬೇಕಾದೀತು" ಎನ್ನುತ್ತಿದ್ದಳು. ಅವಳದ್ದೂ ತಪ್ಪಲ್ಲ. ಹಿಂದೆ ಮೂರು ಸಲ ಸುಂದರ ಇಳಿದಿದ್ದ. ಒಮ್ಮೆ ಅದೇನೋ ಪುಡಿ ಕುಡಿದು, ಒಮ್ಮೆ ಬಿಸಿನೀರು ಜೇನಿನಲ್ಲಿ, ಇನ್ನೊಮ್ಮೆ ಪ್ರಕೃತಿ ಚಿಕಿತ್ಸೆಯ ಶಿಬಿರದಲ್ಲಿ ಹತ್ತು ದಿನ ಸೋರೆಕಾಯಿ ತಿಂದು. ಮೂರು ಸಲವೂ ಅವಳು ಖುಷಿಯಲ್ಲಿ ಬಟ್ಟೆ ಕತ್ತರಿಸಿದ್ದಳು. ಮೂರು ಸಲವೂ ಆರು ತಿಂಗಳಲ್ಲಿ ಅವನು ಕಿತ್ತುಬಂದ ಗುಂಡಿಯನ್ನು ಕೈಯಲ್ಲಿ ಹಿಡಿದುಕೊಂಡು ಅವಳ ಎದುರು ನಿಂತಿದ್ದ.

ಆದರೂ "ಬೇಕಾದೀತು" ಎಂಬ ಆ ಮಾತು ಸುಂದರನನ್ನು ಆಪರೇಷನ್ನಿನ ಗಾಯಕ್ಕಿಂತ ಹೆಚ್ಚು ನೋಯಿಸುತ್ತಿತ್ತು. ಪ್ಯಾಂಟು ಹಾಕುವಾಗಲೆಲ್ಲ ಸೊಂಟದ ಸುತ್ತ, ತೊಡೆಯ ಸಂದಿಯಲ್ಲಿ, ಹಳೆಯ ಸುಂದರ ಮಡಚಿಕೊಂಡು ಕೂತು ತನ್ನ ಸರದಿಗೆ ಕಾಯುತ್ತಿದ್ದಾನೆ ಅನಿಸುತ್ತಿತ್ತು.

ಓಡುವ ಹುಚ್ಚು ಹತ್ತಿದ್ದು ಕಾಪುವಿನಲ್ಲಿ. ಕುಶಲಾಳ ಅಣ್ಣನ ಮನೆಗೆ ಹೋದವರು ಸಂಜೆ ಕಡಲ ಬದಿಗೆ ಹೋಗಿದ್ದರು. ತೆರೆಯೊಂದು ಸುಂದರನ ಒಂದು ಚಪ್ಪಲಿಯನ್ನು ಎತ್ತಿಕೊಂಡು ಹೊರಟಿತು. ಹೊಸ ಚಪ್ಪಲಿ. ಸುಂದರ ಯೋಚನೆ ಮಾಡದೆ ಅದರ ಹಿಂದೆ ಓಡಿದ, ಹತ್ತು ಹನ್ನೆರಡು ಹೆಜ್ಜೆ, ಮತ್ತು ಚಪ್ಪಲಿ ಹಿಡಿದ. ಹಿಡಿದ ಮೇಲೆಯೇ ತಾನು ಓಡಿದ್ದು ಅವನಿಗೆ ಗೊತ್ತಾದದ್ದು. ಒಂಬತ್ತನೆಯ ಕ್ಲಾಸಿನ ನಂತರ ಅವನು ಓಡಿರಲಿಲ್ಲ. ಮೊಣಕಾಲು ಚುಳ್ಳೆಂದಿತು, ಆದರೆ ಮನಸ್ಸು ಯಾಕೋ ಹಗುರವಾಯಿತು. ಒದ್ದೆ ಚಪ್ಪಲಿ ಹಿಡಿದು ಅವನು ನಗುತ್ತ ನಿಂತದ್ದನ್ನು ನೋಡಿ ಕುಶಲಾ, "ಚಪ್ಪಲಿ ಸಿಕ್ಕಿದ್ದಕ್ಕೆ ಇಷ್ಟು ಸಂತೋಷವಾ?" ಎಂದಳು.

ಆಸ್ಪತ್ರೆಯಲ್ಲಿ ಅವನಿಗೆ ಕೈಕಾಲಿನ ವ್ಯಾಯಾಮ ಹೇಳಿಕೊಡುತ್ತಿದ್ದ ಫಿಯೋನಾಳ ಹತ್ತಿರ ಕೇಳಿದ. ಅವಳು ನಗಲಿಲ್ಲ. "ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ನೋವು ಜಾಸ್ತಿಯಾದರೆ ನಿಲ್ಲಿಸಿ. ಎಲುಬಿನ ಡಾಕ್ಟರಿಗೆ ಒಮ್ಮೆ ತೋರಿಸಿ" ಎಂದಳು. ಸುಂದರ ಮೊದಲ ಮಾತನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೊಂಡ.

ಆದರೆ ಓಡಲು ಬಸ್ಸು ಬಿಡಬೇಕಲ್ಲ. ಎರಡನೆಯ ದಿನವೂ ನಿಂತಿತು, ಮೂರನೆಯ ದಿನವೂ ನಿಂತಿತು. ಬಸ್ಸಿನಿಂದ ತಪ್ಪಿಸಿಕೊಂಡರೆ ಬೈಕಿನವರು, "ಹಿಂದೆ ಕೂತ್ಕೊಳ್ಳಿ ಮಾರಾಯ್ರೆ." ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೊಣಕಾಲು ಚುಚ್ಚುವಾಗ ಹಿಂದಿನಿಂದ ಬಸ್ಸಿನ ಸದ್ದು ಕೇಳಿದರೆ ಅವನ ಬಲಗೈ ತಾನಾಗಿ ಮೇಲೇಳುತ್ತಿತ್ತು.

ಒಂದು ಸಂಜೆ ಅವನು ಬಸ್‌ಸ್ಟ್ಯಾಂಡಿಗೆ ಹೋಗಿ ಲಕ್ಷಿತನನ್ನು ಹಿಡಿದ. ಡ್ರೈವರ್ ಲೂಯಿಸ್ ಕೂಡ ಅಲ್ಲೇ ಚಾ ಕುಡಿಯುತ್ತಿದ್ದ.

"ನೋಡು ಲಕ್ಷಿತ್, ನಾನು ಓಡುವುದು ಬಸ್ಸಿಗೆ ಅಲ್ಲ. ಕಾಲಿಗೆ. ಇನ್ನು ನನ್ನನ್ನು ಕಂಡರೆ ನಿಲ್ಲಿಸಬೇಡ."

"ಕೈ ತೋರಿಸಿದರೆ?"

"ಕೈ ತೋರಿಸಿದರೂ ನಿಲ್ಲಿಸಬೇಡ. ನನ್ನ ಕೈಯನ್ನು ನಂಬಬೇಡ."

ಲಕ್ಷಿತ್ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ಲೂಯಿಸನೂ ಚಾದ ಗ್ಲಾಸು ಕೆಳಗಿಟ್ಟು ತಲೆಯಾಡಿಸಿದ. ಎರಡೇ ದಿನದಲ್ಲಿ ಕಾರ್ಕಳದಿಂದ ಉಡುಪಿಯವರೆಗೆ ಆ ರಸ್ತೆಯಲ್ಲಿ ಓಡುವ ಎಲ್ಲ ಬಸ್ಸುಗಳಿಗೂ ಸುದ್ದಿ ಮುಟ್ಟಿತು, ಪರ್ಕಳದ ಸುಂದರಣ್ಣ ಕೈ ತೋರಿಸಿದರೂ ನಿಲ್ಲಿಸುವಂತಿಲ್ಲ. ಬಸ್ಸಿನವರು ಹೇಳಿದ ಮೇಲೆ ರಿಕ್ಷಾದವರಿಗೆ, ಬೈಕಿನವರಿಗೆ ಬೇರೆ ಹೇಳಬೇಕಾಗಲಿಲ್ಲ. ಸುಂದರನ ಬೆಳಗಿನ ಓಟಕ್ಕೆ ದಾರಿ ತೆರವಾಯಿತು. ಒಂದು ನಿಮಿಷದ ಓಟ ಎರಡು ನಿಮಿಷವಾಯಿತು, ಎರಡು ಮೂರಾಯಿತು. ಹಾಗೆಯೇ ಒಂದು ಸಂಜೆ ಬಲ ಮೊಣಕಾಲು ಊದಿ ಬನ್ನಿನಂತಾಯಿತು.

ಕುಶಲಾ ಐಸ್ ಇಟ್ಟಳು, ಅರಿಸಿನ ಹಚ್ಚಿದಳು, ಬೈದಳು. ಮರುದಿನ ತಾನೇ ಹೋಗಿ ಎಲುಬಿನ ಡಾಕ್ಟರು ರಾಯ್‌ಸ್ಟನ್ ಅವರ ಹತ್ತಿರ ದಿನ ಗೊತ್ತುಮಾಡಿ ಬಂದಳು. ಹತ್ತು ದಿನ ಬಿಟ್ಟು ಸೋಮವಾರ ಎಂಟೂಮುಕ್ಕಾಲು ಗಂಟೆಗೆ. ಒಂಬತ್ತೂಕಾಲಕ್ಕೆ ಅವರು ಆಪರೇಷನ್ನಿಗೆ ಹೋಗುತ್ತಾರೆ, ಮಂಗಳವಾರದಿಂದ ಒಂದು ತಿಂಗಳು ರಜೆ.

"ಅವರು ಓಡಬಹುದು ಅಂದರೆ ಓಡಿ. ನಾನು ಬಾಯಿ ತೆರೆಯುವುದಿಲ್ಲ. ಅವರು ನೋಡುವವರೆಗೆ ಒಂದು ಹೆಜ್ಜೆ ಓಡುವ ಹಾಗಿಲ್ಲ" ಎಂದಳು.

ಸುಂದರ ಒಪ್ಪಿದ. ಹತ್ತು ದಿನ ಹೇಗೋ ತಡೆದುಕೊಂಡ. ಆದರೆ ಇನ್ನೊಂದು ತಿಂಗಳು ನಿಂತರೆ ತಾನು ಮತ್ತೆ ಎಂದೂ ಏಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪುಡಿಯೂ ಜೇನೂ ಸೋರೆಕಾಯಿಯೂ "ಸ್ವಲ್ಪ ದಿನ ಬಿಟ್ಟು ನೋಡುವಾ" ಎಂಬ ಮಾತಿನಲ್ಲಿಯೇ ಮುಗಿದುಹೋಗಿದ್ದವು.

ಸೋಮವಾರ ಕುಶಲಾ ಎಂಟು ಗಂಟೆಗೇ ಸ್ಕೂಟರಿನಲ್ಲಿ ಮಣಿಪಾಲಕ್ಕೆ ಹೋದಳು, ಅಂಗಡಿ ತೆರೆದು ಅಲ್ಲಿಂದಲೇ ಆಸ್ಪತ್ರೆಗೆ ಬರುವುದು ಎಂದು. ಸುಂದರ ಹೊರಡುವಷ್ಟರಲ್ಲಿ ಪೈಂಟಿನ ಲಾರಿ ಬಂತು. ಡಬ್ಬಗಳನ್ನು ಇಳಿಸಿಕೊಂಡು ಮುಗಿಸುವಾಗ ಎಂಟೂ ಇಪ್ಪತ್ತು. ರಿಕ್ಷಾದ ದೂಮಪ್ಪನಿಗೆ ಫೋನು ಮಾಡಿದರೆ ಅವನು ಶಾಲೆ ಮಕ್ಕಳನ್ನು ತುಂಬಿಕೊಂಡು ಹೋಗಿಯಾಗಿತ್ತು. ಸುಂದರ ಎಕ್ಸ್‌ರೇಯ ದೊಡ್ಡ ಲಕೋಟೆ ಕಂಕುಳಿಗೆ ಸಿಕ್ಕಿಸಿಕೊಂಡು ರಸ್ತೆಗೆ ಬಂದ. ಕಾರ್ಕಳದಿಂದ ಬಂದ ಬಸ್ಸು ಸ್ಟ್ಯಾಂಡಿನಿಂದ ಹೊರಡುತ್ತಿತ್ತು.

ಅವನು ಕೈ ಎತ್ತಿದ. ಬಸ್ಸು ನಿಲ್ಲಲಿಲ್ಲ. ಓಡಿದ, ಎರಡೂ ಕೈ ಎತ್ತಿದ. ಫುಟ್‌ಬೋರ್ಡಿನಲ್ಲಿ ನಿಂತಿದ್ದ ಲಕ್ಷಿತ್ ಅವನನ್ನು ನೋಡಿ ಮೆಚ್ಚುಗೆಯಿಂದ ನಕ್ಕ.

"ಇವತ್ತು ನಿಲ್ಲಿಸು ಮಾರಾಯ, ಇವತ್ತು ನಿಜ" ಎಂದ ಸುಂದರ.

"ಹಾಗೇ ಹೇಳ್ತೀರಿ ಅಂತ ನಮಗೆ ಗೊತ್ತುಂಟು ಸುಂದರಣ್ಣ. ನೀವು ಬಿಡಬೇಡಿ, ಓಡಿ" ಎಂದು ಲಕ್ಷಿತ್ ಬಸ್ಸಿನ ಮೈ ತಟ್ಟಿದ. "ರೈಟ್ ಪೋಯಿ" ಎಂದು ಮುಂದಕ್ಕೆ ಬಿಡಲು ಕೂಗಿದ. ಲೂಯಿಸ್ ಹುರಿದುಂಬಿಸಲು ಎರಡು ಸಲ ಹಾರ್ನ್ ಕೂಡ ಹಾಕಿದ. ಹಿಂದಿನ ಸೀಟಿನವರು ಕಿಟಕಿಯಿಂದ ಚಪ್ಪಾಳೆ ತಟ್ಟಿದರು.

ಹಿಂದೆಯೇ ಹೆಬ್ರಿಯ ಬಸ್ಸು ಬಂತು. ಅದರ ಕಂಡಕ್ಟರ್ ಹೆಬ್ಬೆರಳು ತೋರಿಸಿ ದಾಟಿದ. ಕುರ್ಚಿ ವೆಲ್ಡ್ ಮಾಡಿಕೊಟ್ಟಿದ್ದ ಪ್ಯಾಟ್ರಿಕ್ ಬೈಕಿನಲ್ಲಿ ಬಂದು ಪಕ್ಕದಲ್ಲಿ ವೇಗ ತಗ್ಗಿಸಿದ. ಸುಂದರನಿಗೆ ದೇವರು ಕಂಡಂತಾಯಿತು. "ಪ್ಯಾಟ್ರಿಕ್ಕಣ್ಣ..." ಎನ್ನುವಷ್ಟರಲ್ಲಿ ಅವನು, "ಮಾತಾಡಬೇಡಿ, ಮಾತಾಡಿದರೆ ದಮ್ಮು ಹೋಗ್ತದೆ" ಎಂದು ಹೇಳಿ ಗೇರು ಬದಲಿಸಿದ.

ಹೆಂಡತಿಗೆ ಕೊಟ್ಟ ಮಾತು ಒಂದು ಕಡೆ, ಒಂಬತ್ತೂಕಾಲು ಇನ್ನೊಂದು ಕಡೆ. ಓಡದೆ ಹೋದರೆ ಓಡುವುದೇ ಮುಗಿಯುತ್ತದೆ. ಇಂಥ ಗೊಂದಲ ಯಾವ ಶತ್ರುವಿಗೂ ಬೇಡ. ಸುಂದರ ಪ್ಯಾಂಟನ್ನು ಸ್ವಲ್ಪ ಮೇಲಕ್ಕೆ ಎಳೆದುಕೊಂಡು, ಚಪ್ಪಲಿಯಲ್ಲೇ ಓಡಿದ.

ಎರಡು ನಿಮಿಷ ಓಡಿ ಎರಡು ನಿಮಿಷ ನಡೆದ. ಕೆಳಪರ್ಕಳದ ತಿರುವಿನಲ್ಲಿ ಮೊಣಕಾಲು ಮಾತಾಡತೊಡಗಿತು. ಅದರ ಮಾತು ಅವನಿಗೆ ಈಗ ಪರಿಚಯ. ಗೊಣಗುವುದು ಬೇರೆ, ಕಿರುಚುವುದು ಬೇರೆ. ಇದು ಗೊಣಗುವುದು. ಅದಕ್ಕಿಂತ ಹೆಚ್ಚು ಹಿಂಸೆ ಕೊಟ್ಟದ್ದು ಪ್ಯಾಂಟು. ದಿನವೂ ಚಡ್ಡಿಯಲ್ಲಿ ಓಡುತ್ತಿದ್ದವನಿಗೆ ಪ್ಯಾಂಟಿನ ಒಳಗೆ ಮಡಚಿ ಹೊಲಿದ ಬಟ್ಟೆಯ ದಪ್ಪ ಅಂಚುಗಳು ಎರಡೂ ತೊಡೆಗಳನ್ನು ಹೆಜ್ಜೆಹೆಜ್ಜೆಗೂ ಉಜ್ಜುತ್ತಿದ್ದವು.

ಏರು ಹತ್ತುವಾಗ ಫೋನು ಬಂತು. ಕುಶಲಾ.

"ಎಲ್ಲಿದ್ದೀರಿ?"

"ಬಂದೆ, ಈಶ್ವರನಗರ."

"ಯಾಕೆ ಹಾಗೆ ಉಸಿರು ಬಿಡ್ತಾ ಇದ್ದೀರಿ?"

"ಬಸ್ಸಿನಲ್ಲಿ ಭಾರೀ ರಶ್ಶು" ಎಂದ ಸುಂದರ.

ಒಂಬತ್ತು ಗಂಟೆ ಎಂಟು ನಿಮಿಷಕ್ಕೆ ಅವನು ಡಾಕ್ಟರರ ಕೋಣೆಯ ಬಾಗಿಲಿಗೆ ಬಂದಾಗ ಅಂಗಿ ಹಿಂಡಿದರೆ ನೀರು ಬರುವಂತಿತ್ತು. ಕುಶಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಡಾಕ್ಟರರು ಗಡಿಯಾರ ನೋಡಿ, "ಐದು ನಿಮಿಷ ಉಂಟು. ಸಮಸ್ಯೆ ಎಂತ?" ಎಂದರು.

"ಓಡಬಹುದಾ ಅಂತ ಕೇಳಲಿಕ್ಕೆ ಬಂದದ್ದು."

"ಹೇಗೆ ಬಂದಿರಿ?"

ಸುಂದರ ಕುಶಲಾಳ ಮುಖ ನೋಡಿದ. ಸುಳ್ಳು ಹೇಳುವ ದಮ್ಮು ಉಳಿದಿರಲಿಲ್ಲ. "ಓಡಿಕೊಂಡು" ಎಂದ.

"ಎಲ್ಲಿಂದ?"

"ಪರ್ಕಳದಿಂದ."

ಡಾಕ್ಟರರು ಎಕ್ಸ್‌ರೇ ಬೆಳಕಿಗೆ ಹಿಡಿದರು, ಮಂಚದ ಮೇಲೆ ಮಲಗಿಸಿ ಮೊಣಕಾಲನ್ನು ಮಡಚಿದರು, ಒತ್ತಿದರು, ತಿರುಗಿಸಿದರು. ಸವೆತ ಇದೆ, ಅದು ಹಿಂದಕ್ಕೆ ಹೋಗುವುದಿಲ್ಲ ಎಂದರು. ಆದರೆ ನಲವತ್ತೇಳು ಕಿಲೋ ಇಳಿಸಿದ್ದರಿಂದ ಮೊಣಕಾಲಿಗೆ ಹೊಸ ಆಯುಷ್ಯ ಸಿಕ್ಕಿದೆ. ವಾರಕ್ಕೆ ಮೂರು ದಿನ, ನಿಧಾನವಾಗಿ, ಸಮತಟ್ಟಾದ ಜಾಗದಲ್ಲಿ ಓಡಬಹುದು. ತೊಡೆಯ ವ್ಯಾಯಾಮ ತಪ್ಪಿಸಬಾರದು. ಊದಿಕೊಂಡರೆ ಇಳಿಯುವವರೆಗೆ ಓಡಬಾರದು. "ಮತ್ತೆ ಈ ಚಪ್ಪಲಿಯಲ್ಲಿ ಓಡಿದರೆ ನಾನು ನೋಡುವುದಿಲ್ಲ."

ಸುಂದರನ ಮುಖ ಅರಳಿತು. ಅಷ್ಟರಲ್ಲಿ ಡಾಕ್ಟರರು ಮೇಲಕ್ಕೆ ಸರಿಸಿದ ಪ್ಯಾಂಟಿನ ಕೆಳಗೆ ಬಗ್ಗಿ ನೋಡಿದರು. "ತೊಡೆ ಎಂತ ಆದದ್ದು? ಚರ್ಮ ಎಲ್ಲ ಎದ್ದುಹೋಗಿದೆ." ಪ್ಯಾಂಟಿನ ಒಳಗನ್ನು ಮುಟ್ಟಿ ನೋಡಿದರು. "ಒಳಗೆ ಇಷ್ಟೊಂದು ಬಟ್ಟೆ ಯಾಕೆ ಇಟ್ಟಿದ್ದಾರೆ? ಯಾರಪ್ಪ ನಿಮ್ಮ ಟೈಲರ್?"

ಸುಂದರ ಛಾವಣಿಯ ಫ್ಯಾನನ್ನು ನೋಡತೊಡಗಿದ.

"ನಾನು" ಎಂದಳು ಕುಶಲಾ. "ಹೆದರಿಕೆ ಡಾಕ್ಟ್ರೆ. ಮೂರು ಸಲ ನಂಬಿದ್ದೆ."

ಡಾಕ್ಟರರಿಗೆ ಅರ್ಥವಾಯಿತೋ ಇಲ್ಲವೋ, ಒಂದು ಮುಲಾಮು ಬರೆದುಕೊಟ್ಟು ಆಪರೇಷನ್ನಿಗೆ ಹೋದರು.

ಸುಂದರ ಅವಳ ಸ್ಕೂಟರಿನ ಹಿಂದೆ ಕೂತ. ಅಂಗಡಿಗೆ ಬಂದೊಡನೆ ಕುಶಲಾ, "ಪ್ಯಾಂಟು ಕೊಡಿ" ಎಂದಳು. ಸುಂದರ ಪರದೆಯ ಹಿಂದೆ ಹೋಗಿ, ಯಾರದೋ ಲಂಗಕ್ಕೆಂದು ತಂದಿಟ್ಟಿದ್ದ ಹೂವಿನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತ. ಅವಳು ಪ್ಯಾಂಟನ್ನು ಒಳಹೊರಗು ಮಾಡಿ ಮೇಜಿನ ಮೇಲೆ ಹರಡಿದಳು. ಮಡಿಕೆಯ ಅಂಚಿನಲ್ಲಿ ಎರಡು ಕಡೆ ರಕ್ತದ ಸಣ್ಣ ಕಲೆ ಇತ್ತು. ಅದನ್ನು ನೋಡಿ ಅವಳ ಕಣ್ಣು ತುಂಬಿತು. ಮೂಗು ಒರೆಸಿಕೊಂಡು ದೊಡ್ಡ ಕತ್ತರಿ ತೆಗೆದಳು.

ಪರದೆಯ ಸಂದಿಯಿಂದ ನೋಡುತ್ತಿದ್ದ ಸುಂದರ, "ಮುಂದೆ ಬೇಕಾದರೆ?" ಎಂದು ಕೇಳಿದ.

"ಬೇಕಾಗುವುದಿಲ್ಲ" ಎಂದಳು. ಕತ್ತರಿ ಒಂದು ಕಾಲಿನ ಉದ್ದಕ್ಕೂ ಹೋಯಿತು. ಅಂಗೈ ಅಗಲದ ಪಟ್ಟಿಯೊಂದು ಮೇಜಿನ ಮೇಲೆ ಬಿತ್ತು. "ಇದರಲ್ಲಿ ಮೊಣಕಾಲಿಗೆ ಐಸ್ ಇಡಲಿಕ್ಕೆ ಒಂದು ಚೀಲ ಹೊಲೀತೇನೆ. ಕಟ್ಟಲಿಕ್ಕೆ ಲಾಡಿ ಸಮೇತ."

ಹೊರಗೆ ಉಡುಪಿಯಿಂದ ವಾಪಸು ಕಾರ್ಕಳಕ್ಕೆ ಹೊರಟ ಬಸ್ಸು ನಿಂತಿತು. ಜನ ಹತ್ತುವಷ್ಟರಲ್ಲಿ ಲಕ್ಷಿತ್ ಫುಟ್‌ಬೋರ್ಡಿನಿಂದ ಅಂಗಡಿಯ ಕಡೆಗೆ ಬಗ್ಗಿ ಕೇಳಿದ, "ಕುಶಲಕ್ಕ, ಸುಂದರಣ್ಣ ಬಂದು ಮುಟ್ಟಿದ್ರಾ?"

"ಮುಟ್ಟಿದ್ರು" ಎಂದು ತಲೆ ಎತ್ತದೆ ಹೇಳಿ, ಕುಶಲಾ ಇನ್ನೊಂದು ಕಾಲಿಗೆ ಕತ್ತರಿ ಹಾಕಿದಳು.