ಇನ್ನೂರು ಮಿಲಿ ಚಹಾ

"ಈ ಪುಟ ತೆಗೆದುಬಿಡು, ಚಿನ್ನಾ. ಆಮೇಲೆ ಸಹಿ ಹಾಕ್ತೀನಿ," ಎಂದು ಲೊರೇನ್ ಹಾಳೆಯನ್ನು ಮೇಜಿನ ಮೇಲೆ ಜನೀನ್‌ಳತ್ತ ಹಿಂದಕ್ಕೆ ತಳ್ಳಿದಳು.

ಹ್ಯಾಲಿಫ್ಯಾಕ್ಸ್‌ನ ಆ ವೃದ್ಧಾಶ್ರಮಕ್ಕೆ ಅವಳು ಮ್ಯಾನೇಜರ್. ಅವಳ ಸಹಿಯಿಲ್ಲದ ಪ್ರಬಂಧವನ್ನು ಕಾಲೇಜು ಮುಟ್ಟುವುದಿಲ್ಲ. ಸಂಜೆ ಐದಕ್ಕೆ ಗಡುವು. ನಲವತ್ಮೂರರ ಜನೀನ್ ಎರಡು ವರ್ಷ ಇಲ್ಲಿ ಮುದುಕರ ಮೈ ತೊಳೆಯುತ್ತಲೇ ಸಾಮಾಜಿಕ ಆರೈಕೆಯ ಫೌಂಡೇಶನ್ ಡಿಗ್ರಿ ಓದಿದ್ದಳು. ಇದೊಂದು ಸಲ್ಲಿಸಿದರೆ ಮುಗಿಯಿತು.

ವಿಷಯ, ಆರೈಕೆಯಲ್ಲಿ ಘನತೆ. ಅವಳು ಬರೆದದ್ದು ಪಾರ್ಶ್ವವಾಯು ಬಡಿದ ವಿಲ್ಫ್ ಸಗ್ಡೆನ್ ಬಗ್ಗೆ: ಕೈಗೆಟುಕದ ಕಡೆ ಕೆನೆಗಟ್ಟಿ ನಿಂತ ಚಹಾ, ಒಡೆದ ತುಟಿ, ಗಬ್ಬು ನಾರುವ ಮೂತ್ರದ ಚೀಲ. ಯಾರು ಯಾವಾಗ ಎಷ್ಟು ಕುಡಿದರೆಂದು ಸಿಬ್ಬಂದಿ ಬರೆದಿಡುವ ಪಟ್ಟಿಯಲ್ಲಿ ಮಾತ್ರ 'ಇನ್ನೂರು ಮಿಲಿ ಕುಡಿದರು'. 'ಸಿಬ್ಬಂದಿಯೊಬ್ಬರು ಸುಳ್ಳು ಬರೆದಿದ್ದರು' ಎಂದು ಕೆಂಡ ಕಾರಿದ್ದಳು.

"ಯಾಕೆ ತೆಗೀಬೇಕು? ಇದು ಸುಳ್ಳಾ?"

"ಸುಳ್ಳಲ್ಲ ಕಣೇ." ಲೊರೇನ್ ಕಡತದಿಂದ ಒಂದು ಪಟ್ಟಿ ಎಳೆದಳು. "ಮಾರ್ಚ್ ಹನ್ನೆರಡು, ನಾಲ್ಕು ಗಂಟೆ. ಸಹಿ ಯಾರದು, ಓದು."

ಸಹಿ ಜನೀನ್‌ಳದೇ. ಅಂದು ಮಂಗಳವಾರ; ಮಂಗಳವಾರಗಳಂದು ನಾಲ್ಕಕ್ಕೆ ಕಾಲೇಜು. ಬಸ್ಸು ಹಿಡಿಯಲು ಪಟ್ಟಿಯ ಸಂಜೆಯ ಖಾನೆಯನ್ನು ಚಹಾ ಕುಡಿಸದೆ ಮಧ್ಯಾಹ್ನವೇ ತುಂಬಿ ಓಡುತ್ತಿದ್ದಳು. ಮರುದಿನ ಆ ಲೋಟ ಕಂಡು, ಯಾರ ಕೆಲಸವಿದು ಎಂದು ಉರಿದುಬಿದ್ದಿದ್ದಳು. ಸಹಿ ನೋಡಿರಲಿಲ್ಲ. ನೋಡಬಾರದೆಂದೇ ನೋಡಿರಲಿಲ್ಲ.

"ಎಲ್ಲರೂ ಹಾಗೇ ಬರೀತಾರೆ. ನಿಂಗೆ ಹೇಳಿಕೊಟ್ಟಿದ್ದೇ ನಾನಲ್ವಾ? ಹಾಡಿನ ಕಾರ್ಯಕ್ರಮದ ಬಗ್ಗೆ ಏನಾದ್ರೂ ಬರಿ, ಮಾರ್ಕ್ಸ್ ಸುರೀತಾರೆ."

ಜನೀನ್‌ಗೆ ಲೊರೇನ್ ಹಲ್ಲು ಕಿರಿಯುವುದು ಕಂಡು ಹೇಸಿಗೆಯಾಯಿತು. ತಾನು ಬರೆದ ಚೆಂದದ ವಾಕ್ಯಗಳನ್ನು ಕಂಡು ಇನ್ನೂ ಹೆಚ್ಚು. ಪೆನ್ನು ಎತ್ತಿ 'ಸಿಬ್ಬಂದಿಯೊಬ್ಬರು' ಎಂಬುದನ್ನು ಹೊಡೆದುಹಾಕಿ, ಅಲ್ಲಿ ತನ್ನ ಪೂರ್ತಿ ಹೆಸರು ಬರೆದಳು.

"ಈಗ ಹಾಕು ಸಹಿ."

"ತಲೆ ನೆಟ್ಟಗಿದೆಯಾ? ಇದು ಆಚೆ ಹೋದ್ರೆ ನಿನ್ನ ಕೆಲಸಾನೂ ಹೋಗತ್ತೆ, ನಂದೂ ಹೋಗತ್ತೆ!"

"ಹಾಕ್ತೀಯೋ ಇಲ್ವೋ?"

ಲೊರೇನ್ ಪೆನ್ನಿನ ಕ್ಯಾಪು ಮುಚ್ಚಿ ಕಿಟಕಿಯತ್ತ ತಿರುಗಿದಳು.

ಜನೀನ್ ಸಹಿಯಿಲ್ಲದ ಹಾಳೆ ಮಡಚಿಕೊಂಡು ಎದ್ದಳು. ಹೊಸದಾಗಿ ಚಹಾ ಮಾಡಿಕೊಂಡು ವಿಲ್ಫ್‌ನ ಕೋಣೆಗೆ ಹೋಗಿ, ಕುರ್ಚಿ ಎಳೆದು ಕೂತು, ಲೋಟವನ್ನು ಅವನ ತುಟಿಗೆ ಹಿಡಿದಳು. ಅವನು ಕುಡಿಯಲಿಲ್ಲ, ಗೋಡೆ ಗಡಿಯಾರ ನೋಡಿದ.

"ಮಂಗಳವಾರ ಅಲ್ವೇನಮ್ಮಾ? ಕಾಲೇಜಿಗೆ ಹೊತ್ತಾಗಲ್ವಾ?"

"ಇವತ್ತು ಹೋಗಲ್ಲ."

"ಹಾಗಾದ್ರೆ ನಿಧಾನಕ್ಕೆ ಕುಡೀಬಹುದಾ?"

ಅವಳು ತಲೆಯಾಡಿಸಿದಳು. ಅವನು ಸರಿಯಿದ್ದ ಒಂದು ಕೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡು ಬಾಯಿ ತೆರೆದ.